ಹಳೆಯ ಪ್ಲೇಟು ಎಲ್ಲಿ?

ಮುಂಬಯಿಯಲ್ಲಿ ಸ್ವಂತ ಟ್ಯಾಕ್ಸಿ ನಡೆಯಿಸಿ ಸಂಸಾರ ಸಾಗಿಸುವ ನಮ್ಮ ಬಂಧುವೊಬ್ಬರು, ಬ್ರೇಕು ಕಿರುಗುಟ್ಟುತ್ತದೆಂದು ಗಾಡಿಯನ್ನು ಗ್ಯಾರೇಜಿಗೆ ಬಿಟ್ಟರು. ಸಂಜೆ ಹೋದರೆ ಕ್ಲಚ್ ಪ್ಲೇಟೂ ಬದಲಾಗಿತ್ತು! ಹಳೆಯದೆಲ್ಲಿ ಎಂದು ಕೇಳಿದರೆ, ಗುಜರಿಗೆ ಹೋಯಿತೆಂಬ ಉತ್ತರ. ಗಾಡಿ ನಿಂತ ದಿನ ಸಂಪಾದನೆಯಿಲ್ಲ. ವಾದಕ್ಕೆ ನಿಲ್ಲದೆ ಹಣ ತೆತ್ತು ಬಂದರು. ಬಿಲ್ಲು ಕೇಳಿದ್ದಕ್ಕೆ ಮಿಸ್ತ್ರಿ ನಕ್ಕನಂತೆ.

ಅದು ನಗತಕ್ಕ ಮಾತಲ್ಲ. ಮಾಡಿದ ಕೆಲಸಕ್ಕೆ ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯೆಂದೇ ಎಣಿಸಿದೆ.

ಮಿಸ್ತ್ರಿಗಳೆಲ್ಲ ಕಳ್ಳರೆಂದು ನಾವು ಹೇಳುತ್ತಿಲ್ಲ; ಅವರೂ ಕೈ ಮಸಿ ಮಾಡಿಕೊಂಡು ದುಡಿಯುವವರೇ. ಆದರೆ ಬಂಧುಗಳೇ, ಗಾಡಿ ಒಪ್ಪಿಸುವ ಮೊದಲೇ ಖರ್ಚಿನ ಅಂದಾಜನ್ನು ಬರೆಯಿಸಿಕೊಳ್ಳಿರಿ. ಹೇಳದ ಕೆಲಸಕ್ಕೆ ಕೈಹಾಕುವ ಮುನ್ನ ಫೋನು ಮಾಡಬೇಕೆಂದು ಅದೇ ಚೀಟಿಯಲ್ಲಿ ಕಾಣಿಸಿರಿ. ತೆಗೆದ ಭಾಗವನ್ನು ಕೇಳಿ ಪಡೆಯಿರಿ. ಪ್ಲೇಟಿನ ಪಟ್ಟಿ ರಿವೆಟ್ಟಿನವರೆಗೆ ಸವೆದಿದ್ದರೆ ಬದಲಾಯಿಸಿದ್ದು ಸರಿ. ಇನ್ನೂ ದಪ್ಪವಾಗಿದ್ದರೆ, ಜಾರುತ್ತಿರಲಿಲ್ಲವೆಂದರೆ, ಹಣವೇಕೆ ತೆರಬೇಕು?

ನಮ್ಮ ಬಂಧು ಕಡೆಗೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನು ಮಾಡಿದರು. ಬಿಲ್ಲು ಇದೆಯೇ ಎಂದು ಅಲ್ಲಿಯೂ ಕೇಳಿದರಂತೆ.