ಮಿಲಾನಿಗೆ ಹೋದ ಚಪ್ಪಲಿ ಬಿಬಿಎ ತರಗತಿಗೆ ಬರಲಿಲ್ಲ



ಕಾಲೇಜು ಪ್ರವೇಶದ ದಿನಗಳು ಬಂದರೆ ಸಾಕು, ಚಿಕ್ಕೋಡಿ, ನಿಪ್ಪಾಣಿ, ಅಥಣಿ ರಸ್ತೆಗಳಲ್ಲಿ ‘ಜಾಗತಿಕ ಮಟ್ಟದ ಬಿಬಿಎ’ ಎಂಬ ಬ್ಯಾನರ್‌ಗಳು ಏಳುತ್ತವೆ. 2024ರಲ್ಲಿ ಬಿಬಿಎ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ವ್ಯಾಪ್ತಿಗೆ ಬಂದು ಮಾದರಿ ಪಠ್ಯಕ್ರಮವೂ ಹೊರಬಂತು. ತರಗತಿಯಲ್ಲಿ ಮಾತ್ರ ಅದೇ ಡಬ್ಲ್ಯುಟಿಒ ನೋಟ್ಸು, ಅದೇ ಮೆಕ್‌ಡೊನಾಲ್ಡ್ಸ್ ಉದಾಹರಣೆ.

ಪಕ್ಕದ ಓಣಿಯಲ್ಲೇ ಇರುವ ಪಾಠ ಯಾರ ಕಣ್ಣಿಗೂ ಬಿದ್ದಿಲ್ಲ. ಅಥಣಿ, ಮದಭಾವಿ, ನಿಪ್ಪಾಣಿಯ ಮನೆಗಳಲ್ಲಿ ಹದ ಮಾಡಿದ ಎಮ್ಮೆ ತೊಗಲನ್ನು ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹೊಲಿದು ಚಪ್ಪಲಿ ಮಾಡುತ್ತಾರೆ. ಪಟ್ಟಿ ಹೆಣೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಕೊಲ್ಹಾಪುರಿ ಎಂದು ಮಾರಾಟವಾಗುವ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ್ದು ಮಹಾರಾಷ್ಟ್ರದ ನಾಲ್ಕು, ನಮ್ಮ ನಾಲ್ಕು ಜಿಲ್ಲೆಗಳಿಗೆ ಸೇರಿ, ಬೆಳಗಾವಿಯೂ ಅದರಲ್ಲಿದೆ. 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಇಂಥದ್ದೇ ಚಪ್ಪಲಿಯನ್ನು ಮಿಲಾನ್‌ನಲ್ಲಿ ಪ್ರದರ್ಶಿಸಿತು, ಮೂಲದ ಹೆಸರೆತ್ತದೆ. ಗದ್ದಲವೆದ್ದ ಮೇಲೆ ಆ ಮೂಲವನ್ನು ಒಪ್ಪಿಕೊಂಡಿತು. ವಕೀಲರು ಬಾಂಬೆ ಹೈಕೋರ್ಟಿಗೆ ಹೋದರೆ, ಜಿಐ ಒಡೆತನ ಇಲ್ಲದವರ ಅರ್ಜಿ ಎಂದು ವಜಾ ಆಯಿತು. ಡಿಸೆಂಬರ್‌ನಲ್ಲಿ ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ನಮ್ಮ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಂ ಜೊತೆ ಪ್ರಾಡಾದ ಒಪ್ಪಂದ: ಎರಡು ಸಾವಿರ ಜೋಡಿ, ಮಾರಾಟ ಬೆಲೆ ಜೋಡಿಗೆ ಸುಮಾರು 800 ಯುರೋ. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಗೂ ಮೇಲೆ! ಹೊಲಿದವನ ಕೈಗೆ ಅದರಲ್ಲಿ ಎಷ್ಟು ಬರಬೇಕು?

ಭಾರತದ ಜಿಐ ಇಟಲಿಯಲ್ಲಿ ತಾನಾಗಿ ನಡೆಯುವುದಿಲ್ಲ ಏಕೆ, ಕುಶಲಕರ್ಮಿ ‘ಅಧಿಕೃತ ಬಳಕೆದಾರ’ನಾಗಿ ನೋಂದಾಯಿಸಿಕೊಳ್ಳುವುದು ಹೇಗೆ, ಆಮದು-ರಫ್ತಿಗೆ ಬೇಕಾದ ಐಇಸಿ ಸಂಖ್ಯೆ ಪಡೆಯುವುದು, ಲೆಟರ್ ಆಫ್ ಕ್ರೆಡಿಟ್ ಓದುವುದು ಹೇಗೆ — ಇವನ್ನು ತಿಳಿದ ಹತ್ತು ಹುಡುಗರು ಊರಲ್ಲಿದ್ದರೆ ಚೌಕಾಸಿಯ ಧಾಟಿಯೇ ಬೇರೆಯಾಗುತ್ತದೆ. ಐಇಸಿಗೆ ಶುಲ್ಕ ಬರೀ 500 ರೂಪಾಯಿ. ರಾಯಬಾಗ, ಕಾಗವಾಡದ ಕಬ್ಬು ಬೆಳೆಗಾರರ ಮಕ್ಕಳಿಗೂ ಅಷ್ಟೇ: 2022ರಿಂದ ಸಕ್ಕರೆ ರಫ್ತಿಗೆ ಕೇಂದ್ರದ ಅನುಮತಿ ಬೇಕು, ಅದರ ಬಿಸಿ ಅಪ್ಪನ ಬಿಲ್ಲಿಗೆ ಹೇಗೆ ತಟ್ಟುತ್ತದೆಂದು ಮಗನ ಪುಸ್ತಕದಲ್ಲಿಲ್ಲ.

ಕಾಲೇಜುಗಳಿಗೆ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಒಡಂಬಡಿಕೆ ಬೇಡ ಎನ್ನುತ್ತಿಲ್ಲ. ಆದರೆ ಫೋಟೊ ತೆಗೆಸಿಕೊಂಡರೆ ಪಠ್ಯ ಜಾಗತಿಕವಾಗದು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಬಿಬಿಎ, ಬಿಕಾಂ ಅಧ್ಯಯನ ಮಂಡಳಿಗಳು ಬರುವ ವರ್ಷದಿಂದಲೇ ಒಂದು ಸೆಮಿಸ್ಟರ್‌ನ ರಫ್ತು ಪ್ರಾಜೆಕ್ಟ್ ಕಡ್ಡಾಯ ಮಾಡಲಿ. ಕನ್ನಡದಲ್ಲೂ ಬರೆಯಲು ಬಿಡಲಿ. ಮೌಲ್ಯಮಾಪನಕ್ಕೆ ಲಿಡ್ಕರ್ ಅಧಿಕಾರಿಗಳ ಜೊತೆ ಅಥಣಿಯ ಒಬ್ಬ ಚಪ್ಪಲಿ ಕುಶಲಕರ್ಮಿಯನ್ನೂ ಕೂರಿಸಲಿ.

— ನಿವೃತ್ತ ವಾಣಿಜ್ಯ ಉಪನ್ಯಾಸಕ, ಅಥಣಿ