ನದಿಗೆ ಆರತಿಯಷ್ಟೇ ಸಾಕೇ?



1956ರಲ್ಲಿ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಿಂದ, ತಾಂಡೂರು ಗುಲ್ಬರ್ಗಾ ಜಿಲ್ಲೆಯಿಂದ ಬೇರೆಯಾದವು. ನದಿಗಳು ಮಾತ್ರ ಬೇರೆಯಾಗಲಿಲ್ಲ. ಮಹಾರಾಷ್ಟ್ರದಲ್ಲಿ ಹುಟ್ಟುವ ಮಂಜೀರಾ ಬೀದರ ದಾಟಿ ಬಂದು ನಮ್ಮ ಸಿಂಗೂರು ಜಲಾಶಯ ತುಂಬುತ್ತಾಳೆ. ತಾಂಡೂರಿನ ಕಾಗಿಣಾ ಕಲಬುರಗಿ ಕಡೆ ಹರಿದು ಭೀಮೆಯನ್ನು ಸೇರುತ್ತಾಳೆ.

2016ರ ಬೇಸಿಗೆ ನೆನಪಿದೆಯೇ? ಮಂಜೀರಾ ಬತ್ತಿ, ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಇತ್ತ ಸಿಂಗೂರೂ ಬರಿದಾಯಿತು.

2023ರಲ್ಲಿ ನ್ಯಾಲ್ಕಲ್ ಮಂಡಲದ ಮಂಜೀರಾ ದಡದಲ್ಲಿ ಪುಷ್ಕರ ನಡೆಯಿತು. ಭಕ್ತಿ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಆರತಿಯಿಂದ ನದಿಗೆ ನೀರು ಬರುವುದಿಲ್ಲ. ಕಬ್ಬಿಗೆ ವರ್ಷವಿಡೀ ನೀರು ಬೇಕು. ಹಿಂಗಾರಿ ಜೋಳ ಕಪ್ಪು ನೆಲದ ಹಸಿಯಲ್ಲೇ ಬೆಳೆಯುತ್ತದೆ. ಉಸುಕು ತೆಗೆದಷ್ಟೂ ದಡದ ಬಾವಿಗಳು ಇಳಿಯುತ್ತವೆ.

ಈ ದೃಷ್ಟಿಯಿಂದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ಸಂಕ್ರಾಂತಿ ಸಮಯದಲ್ಲಿ ಎತ್ತಿನ ಬಂಡಿಗಳಲ್ಲಿ ನಡೆಸುವ ಬೀಜ ಜಾತ್ರೆಯೇ ನಿಜವಾದ ನದಿ ಕಾರ್ಯಕ್ರಮ. 2022ರಲ್ಲಿ ಭೌಗೋಳಿಕ ಸೂಚಕ ಪಡೆದ ತಾಂಡೂರು ತೊಗರಿಯೂ ಕಡಿಮೆ ನೀರಿನ ಬೆಳೆಯೇ. ಅದಕ್ಕೆ ಒಳ್ಳೆಯ ಬೆಲೆ ಸಿಕ್ಕರೆ ರೈತ ಕಬ್ಬಿನ ಕಡೆ ನೋಡುವುದಿಲ್ಲ. ಬರೀ ಉಪದೇಶದಿಂದ ಆಗುವ ಕೆಲಸವಲ್ಲ.

ಆದ್ದರಿಂದ ನಮ್ಮ ಸಂಘದ ಸಮಾರಂಭಗಳಲ್ಲಿ ಹಾರ, ಶಾಲು, ಪ್ಲಾಸ್ಟಿಕ್ ಬಾಟಲಿ ಬಿಡೋಣ. ಆ ಹಣದಲ್ಲಿ ಒಂದು ಊರಿನ ಕೆರೆ ಹೂಳೆತ್ತಲು ಕೈಜೋಡಿಸೋಣ. ಎಳ್ಳಮಾವಾಸ್ಯೆಗೆ ಬೀದರ ಕಡೆಯ ನೆಂಟರನ್ನೂ ಹೊಲಕ್ಕೆ ಕರೆಯೋಣ. ಭಜ್ಜಿ, ಅಂಬಲಿ ಉಣ್ಣುತ್ತಾ ನೀರಿನ ಮಾತೂ ಆಗಲಿ. ಮೇಲಿನವರು, ಕೆಳಗಿನವರು ಕೂಡಿ ಕುಳಿತರೆ ಮಾತ್ರ ನದಿ ಉಳಿದೀತು.

ಕಾರ್ಯದರ್ಶಿ