ಸಾಲಕ್ಕೆ ಗಡುವಿದೆ, ನೀರಿಗೆ?

"ಕುಡಿಯೋ ನೀರಿನ ಯೋಜನೆಗೆ ಕಡಿಮೆ ಬಡ್ಡಿ ಸಾಲ ಸಿಕ್ಕಿದೆ, ಇನ್ನೇನ್ ಬೇಕು?" ಅಂತಾರೆ. ಲೆಕ್ಕ ಹಾಕೋಣ ಬನ್ನಿ.

ನಬಾರ್ಡ್‌ನ ಆರ್‌ಐಡಿಎಫ್ ನಿಧಿ ಶುರುವಾಗಿದ್ದು 1995-96ರಲ್ಲಿ. ದುಡ್ಡು ಎಲ್ಲಿಂದ? ಕೃಷಿಯಂಥ ಆದ್ಯತಾ ವಲಯಕ್ಕೆ ಕೊಡಬೇಕಾದಷ್ಟು ಸಾಲ ಕೊಡದ ಬ್ಯಾಂಕುಗಳು ಇಡುವ ಠೇವಣಿಯಿಂದ. ನಮಗೆ ಸಿಗದ ಸಾಲವೇ ಸುತ್ತಿ ಬಳಸಿ ನಲ್ಲಿಯಾಗಿ ಬರುತ್ತೆ. ಬರಲಿ, ಸಂತೋಷ.

ರಾಜ್ಯ ಸರ್ಕಾರ ಅದನ್ನ 7 ವರ್ಷದಲ್ಲಿ ತೀರಿಸಬೇಕು. ಮೊದಲ 2 ವರ್ಷ ಅಸಲಿನ ಕಂತಿಲ್ಲ. ತೀರಿಸೋದು ನಮ್ಮ ತೆರಿಗೆಯಿಂದಲೇ. ಸಾಲಕ್ಕೇನೋ ಗಡುವಿದೆ. ಬೋರ್‌ವೆಲ್‌ಗೆ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಬೋರ್ ಸಾವಿರ ಅಡಿ ದಾಟಿವೆ. ಸಿಕ್ಕ ನೀರಲ್ಲೂ ಹಲವೆಡೆ ಫ್ಲೋರೈಡ್. ಅಂಥ ಕಡೆ ಬರೀ ಪೈಪು, ಟ್ಯಾಂಕಿಗೆ ಸಾಲ ಸುರಿದರೆ ಕಂತು ಮುಗಿಯೋ ಮೊದಲೇ ನಲ್ಲಿ ಒಣಗುತ್ತೆ. ಬಡ್ಡಿ ಎಷ್ಟೇ ಕಡಿಮೆ ಇರಲಿ, ಬರದ ನೀರಿಗೆ ಅದು ದುಬಾರಿಯೇ.

ಸಾಲ ಬೇಡ ಅಂತ ನಾನು ಹೇಳ್ತಿಲ್ಲ. ಕೆರೆ ಹೂಳು, ರಾಜಕಾಲುವೆ ದುರಸ್ತಿ, ಇಂಗುಗುಂಡಿ ಕೂಡ ಅದೇ ಅಂದಾಜುಪಟ್ಟಿಯಲ್ಲಿ ಬರಲಿ. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಸಾಲ ತೀರೋವರೆಗಾದ್ರೂ ನೀರು ಎಲ್ಲಿಂದ ಬರುತ್ತೆ? ಉತ್ತರವನ್ನ ನಡಾವಳಿ ಪುಸ್ತಕದಲ್ಲಿ ಬರೆಸದೆ ಎದ್ದು ಬರಬೇಡಿ.